ಕಾಟಲಿಂಗಪ್ಪನ ಕುರಿ ಎಷ್ಟು?

ಮಾಡದಕೆರೆ ಕಡೆಯ ಗೊಲ್ಲರಹಟ್ಟಿಯ ಕಾಟಲಿಂಗಪ್ಪನಿಗೆ ಮೊದಲಿನಿಂದ ಇದ್ದ ತೊಂದರೆ ಒಂದೇ, ಅಕಾಲದ ಮಳೆ. ರಾಗಿ ಕೊಯ್ಲು ಮುಗಿದು ಹೊಲಗಳು ಬರಿದಾದ ಮೇಲೆ ಅವನು ಮಂದೆ ಹೊಡೆದುಕೊಂಡು ಬಾಗೂರಿನ ಕಡೆ ಹೊರಡುತ್ತಾನೆ. ಕರೆದವರ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸುತ್ತಾನೆ. ಹೊಲಕ್ಕೆ ಗೊಬ್ಬರವಾಗುತ್ತದೆ, ಕುರಿಗೆ ಮೇವಾಗುತ್ತದೆ, ಕುರಿಯವನಿಗೆ ಹೊಲದವರ ಮನೆಯ ರಾಗಿ ಸಿಗುತ್ತದೆ. ಎಲ್ಲ ಸರಿಯಾಗಿರುವಾಗ ಇದ್ದಕ್ಕಿದ್ದಂತೆ ಮಳೆ ಹೊಡೆದು ಎಳೆಮರಿಗಳು ನೆನೆದು ಮಲಗಿಬಿಡುತ್ತವೆ. ಹೋದ ವರ್ಷ ಹಾಗೆ ಮಲಗಿದ ಮರಿಗಳಲ್ಲಿ ಏಳದೆ ಹೋದವೇ ಹೆಚ್ಚು.

ಅವನ ಕುರಿ ಎಷ್ಟು ಅಂತ ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ಹೇಳುವವರು ಮಾತ್ರ ಯಾರೂ ಸಿಗುವುದಿಲ್ಲ. ದೃಷ್ಟಿಯಾಗುತ್ತದೆ ಅಂತ ಆ ಹಟ್ಟಿಯಲ್ಲಿ ಮಂದೆಯ ಲೆಕ್ಕವನ್ನು ಬಾಯಿಬಿಟ್ಟು ಹೇಳುವ ರೂಢಿಯಿಲ್ಲ. ಸಂಜೆ ಕುರಿಗಳನ್ನು ರೊಪ್ಪದ ಬೇಲಿಯೊಳಗೆ ಕೂಡುವಾಗ ಕಣ್ಣಲ್ಲೇ ಎಣಿಸುತ್ತಾರೆ, ಮನಸ್ಸಲ್ಲೇ ಇಟ್ಟುಕೊಳ್ಳುತ್ತಾರೆ. ಎಷ್ಟು ಅಂದರೆ "ಅವೆ ನಾಕಾರು" ಅನ್ನುತ್ತಾರೆ. ನಾಳೆ ಮಂದೆ ಎಲ್ಲಿ ಅಂದರೆ "ದ್ಯಾವ್ರು ಕರ್ದ ಕಡೆ" ಅನ್ನುತ್ತಾರೆ. ಕಾಟಲಿಂಗಪ್ಪನ ಮದುವೆ ಮಾತುಕತೆಯಲ್ಲಿ ಹೆಣ್ಣಿನ ಅಪ್ಪ ಕುರಿ ಎಷ್ಟಿವೆ ಅಂತ ಕೇಳಿದ್ದಕ್ಕೂ ಇವನು "ಅವೆ ನಾಕಾರು" ಅಂದಿದ್ದ. ಆ ಮಾವ ಇವತ್ತಿಗೂ ಅದನ್ನು ಮರೆತಿಲ್ಲ.

ಇಂಥ ಮನುಷ್ಯನ ಮನೆಗೆ ಒಂದು ಆಪ್ ಬಂತು. ತಂದು ಅಪ್ಪನ ಫೋನಿಗೆ ಹಾಕಿದವನು ಮಗ ಜುಂಜೇಶ್. ಹೆಸರು 'ಮಂದೆಮಿತ್ರ'. ಮಳೆ ಬರುವುದನ್ನು ಮೊದಲೇ ಹೇಳುತ್ತದೆ, ಕುರಿಗೆ ಯಾವ ಕಾಯಿಲೆಗೆ ಯಾವ ಔಷಧಿ ಅಂತ ಹೇಳುತ್ತದೆ, ಅದೂ ಪುಕ್ಕಟೆ.

"ಪುಕ್ಕಟೆ ಯಾಕ್ ಕೊಡ್ತಾರ್ಲೇ?" ಅಂತ ಕಾಟಲಿಂಗಪ್ಪ ಕೇಳಿದ.

"ದೊಡ್ಡ ಕಂಪ್ನಿ ಕಣಪ್ಪ. ಅವ್ರಿಗೇನು ಕಮ್ಮಿ ಐತೆ?" ಅಂದ ಜುಂಜೇಶ್.

ಇಬ್ಬರಿಗೂ ಅದು ಉತ್ತರದ ಹಾಗೇ ಕಂಡಿತು. ಆಪ್ ಫೋನ್ ನಂಬರ್ ಕೇಳಿತು, ಕೊಟ್ಟರು. ನೀವಿರುವ ಜಾಗ ನೋಡಲೇ ಅಂತು, ನೋಡು ಅಂದರು. ಫೋಟೋ ನೋಡಲೇ, ಫೋನಿನಲ್ಲಿರುವ ಹೆಸರುಗಳನ್ನೆಲ್ಲ ನೋಡಲೇ ಅಂತು. ಜುಂಜೇಶ್ ಎಲ್ಲದಕ್ಕೂ 'ಒಪ್ಪಿದೆ' ಒತ್ತಿಕೊಂಡು ಹೋದ. ಒತ್ತದಿದ್ದರೆ ಅದು ಮುಂದಕ್ಕೇ ಹೋಗುತ್ತಿರಲಿಲ್ಲ. ಕೊನೆಗೆ ಕುರಿ ಎಷ್ಟು ಅಂತ ಕೇಳಿತು. ಜುಂಜೇಶ್ ಅಪ್ಪನ ಮುಖ ನೋಡಿದ. ಅಪ್ಪ ಬೇವಿನ ಮರ ನೋಡಿದ.

"ಹೇಳಾದೇನು ಬ್ಯಾಡಪ್ಪ," ಅಂದ ಮಗ. "ದಿಣ್ಣೆ ಮ್ಯಾಲೆ ನಿಂತು ಮಂದೆ ಪೋಟ ಹಿಡುದ್ರೆ ಸಾಕು. ಅದೇ ಎಣುಸ್ಕಳ್ತೈತೆ."

ಕಾಟಲಿಂಗಪ್ಪ ಯೋಚನೆ ಮಾಡಿದ. ಬಾಯಿಬಿಟ್ಟರೆ ತಾನೇ ಹೇಳಿದ ಹಾಗೆ? ತಾನು ಬಾಯಿ ಬಿಡುವುದಿಲ್ಲ. ದೃಷ್ಟಿಯಾಗಲು ಯಂತ್ರಕ್ಕೆ ಹೊಟ್ಟೆಕಿಚ್ಚಿಲ್ಲ. ಯಂತ್ರಕ್ಕೆ ಹೇಳಿದರೆ ಕಲ್ಲಿಗೆ ಹೇಳಿದ ಹಾಗೆ, ಅಲ್ಲಿಗೇ ಮುಗಿಯಿತು. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು ಮಗನನ್ನು ದಿಣ್ಣೆ ಹತ್ತಿಸಿದ. ಫೋನು ಕ್ಷಣದಲ್ಲಿ ಎಣಿಸಿ ತೋರಿಸಿತು. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ. ತನ್ನಷ್ಟೇ ಚೆನ್ನಾಗಿ ಎಣಿಸುವವನು ಇನ್ನೊಬ್ಬ ಸಿಕ್ಕಿದ ಅಂತ ಅವನಿಗೆ ಖುಷಿಯೇ ಆಯಿತು.

"ಕೆಂಚನ್ನೂ ಒಂದು ಹಿಡ್ಕಳ್ಲೇ," ಅಂದ.

ಕೆಂಚ ಅಂದರೆ ಹಟ್ಟಿಯವರ ದೇವರು ಜುಂಜಪ್ಪನ ಹೆಸರಿಗೆ ಬಿಟ್ಟ ಟಗರು. ಮಾರುವ ಹಾಗಿಲ್ಲ, ಕಡಿಯುವ ಹಾಗಿಲ್ಲ, ಬೈಯುವ ಹಾಗೂ ಇಲ್ಲ. ಮಂದೆಯ ಮುಂದೆ ಅದು ನಡೆಯಬೇಕು, ಹಿಂದೆ ಉಳಿದವು ಬರಬೇಕು. ಕಾಟಲಿಂಗಪ್ಪನ ಹೆಂಡತಿ ತೀರಿಕೊಂಡ ವರ್ಷ ಹುಟ್ಟಿದ ಮರಿ ಅದು. ತಾಯಿಕುರಿಗೆ ಹಾಲಿಲ್ಲದೆ ಅವನೇ ಬಾಟಲಿ ಹಿಡಿದು ಸಾಕಿದ್ದ. ಮನುಷ್ಯರ ಮೇಲೆ ತೋರಿಸದ ಅಕ್ಕರೆಯನ್ನು ಅದರ ಮೇಲೆ ತೋರಿಸುತ್ತಾನೆ ಅಂತ ಅಕ್ಕ ಹುಚ್ಚಕ್ಕ ಆಗಾಗ ಆಡಿಕೊಳ್ಳುತ್ತಾಳೆ.

ಆಪ್ ಒಂದು ಸಲ ಮಳೆ ಬರುತ್ತದೆ ಅಂತ ಹೇಳಿತು, ಬಂತು. ಮರಿಗಳನ್ನು ಮೊದಲೇ ಟಾರ್ಪಾಲಿನ ಕೆಳಗೆ ಸೇರಿಸಿದ್ದರಿಂದ ಉಳಿದುಕೊಂಡವು. ಕಾಟಲಿಂಗಪ್ಪ ಅದನ್ನು ಮನಸಾರೆ ಹೊಗಳಿದ. ಅದಾದ ಮೇಲೆ ಫೋನುಗಳು ಬರಲು ಶುರುವಾದವು. ಉಣ್ಣೆ ಕತ್ತರಿಸುವ ಮಿಷನ್ ಬೇಕಾ ಅಂತ ಒಬ್ಬ. ಕುರಿ ಮೇಲೆ ಸಾಲ ಬೇಕಾ ಅಂತ ಒಬ್ಬಳು, ಹಿಂದಿಯಲ್ಲಿ. ಇವನು ಕನ್ನಡದಲ್ಲಿ ಬೈದ, ಅವಳು ಥ್ಯಾಂಕ್ಯೂ ಅಂದಳು. ಬೆಳಿಗ್ಗೆ ತುಂಬಿಸಿದ ಚಾರ್ಜು ಮಧ್ಯಾಹ್ನಕ್ಕೆ ಮುಗಿಯತೊಡಗಿತು. ಬ್ಯಾಟರಿ ಕೆಟ್ಟಿರಬೇಕು ಅಂತ ಅವನು ಬಾಗೂರು ಬಸ್‌ಸ್ಟಾಪಿನ ಹತ್ತಿರದ ನಾಗಶ್ರೀಯ ಅಂಗಡಿಗೆ ಹೋದ. ನಾಗಶ್ರೀ ಮೊಬೈಲ್ ರಿಪೇರಿ ಮಾಡುತ್ತಾಳೆ. ಅವಳ ತಂದೆ ಪಾಪಣ್ಣನೂ ಕುರಿಯವನೇ. ಹಾಗಾಗಿ ಕಾಟಲಿಂಗಪ್ಪನನ್ನು ಮಾವ ಅನ್ನುತ್ತಾಳೆ.

"ಬರ್ರಿ ಮಾವ, ಕುಂತ್ಕಳ್ರಿ," ಅಂದು ಫೋನು ಇಸಕೊಂಡು ನೋಡಿದಳು. "ಬ್ಯಾಟ್ರಿ ಚೆನ್ನಾಗೈತೆ. ಇದೊಂದು ಆಪು ನೀವು ಎಲ್ಲಿದ್ದೀರ ಅಂತ ದಿನಪೂರ್ತಿ ನೋಡ್ತಾನೇ ಐತೆ. ಜೇಬಿಗಿಟ್ಕಂಡು ಮಲ್ಗಿದ್ರೂ ನೋಡ್ತೈತೆ. ಅದ್ಕೇ ಚಾರ್ಜ್ ನಿಲ್ತಿಲ್ಲ."

"ನೋಡ್ಲಿ ಬಿಡಮ್ಮ. ನಾನೇನು ಕಳ್ಳನಾ? ಕುರಿ ಕಾಯೋನ ನೋಡಿ ಅವ್ರು ಏನು ಮಾಡ್ಕಂತಾರೆ?"

"ಮಳೆ ಹೇಳಾಕೆ ಯಾವ ಹೋಬ್ಳಿ ಅಂತ ಗೊತ್ತಾದ್ರೆ ಸಾಕಲ್ವ ಮಾವ? ಯಾವ ಹೊಲದ ಯಾವ ಮೂಲೆ ಅಂತ ಯಾಕೆ ಬೇಕು? ನಿಮ್ಮ ಬೀಗರ ನಂಬ್ರು ಯಾಕೆ ಬೇಕು?"

"ಎಲ್ಲಾ ಗೊತ್ತಾಗಿಹೋಗೈತೆ ತಗಾ," ಅಂದ ಕಾಟಲಿಂಗಪ್ಪ. "ಹೊಸದುರ್ಗಕ್ಕೆ ಹೋದ್ರೆ ಸರ್ಕಲ್ನಾಗೆ ಕ್ಯಾಮ್ರ. ರೇಷನ್ನಿಗೆ ಹೋದ್ರೆ ಹೆಬ್ಬೆಟ್ಟು. ಸರ್ಕಾರದೋರ್ಗೇ ಎಲ್ಲಾ ಕೊಟ್ಟಾಗೈತೆ, ಇನ್ನ ಕಂಪ್ನಿಯೋರ್ಗೆ ಮುಚ್ಚಿಟ್ಟು ಏನು ಮಾಡಾದು?"

"ಸರ್ಕಾರದೋರನ್ನೂ ಕೇಳ್ಬೋದು. ಯಾಕೆ ತಗಂತೀರ, ಯಾರ್ಯಾರು ನೋಡ್ತಾರೆ, ಎಷ್ಟು ದಿನ ಇಟ್ಕಳ್ತೀರ ಅಂತ."

"ಕೇಳಿದ್ರೆ ಹೇಳ್ತಾರ?"

"ಒಬ್ರು ಕೇಳಿದ್ರೆ ನಾಳೆ ಬಾ ಅಂತಾರೆ. ಊರೋರೆಲ್ಲ ಕೇಳಿದ್ರೆ ಹೇಳ್ತಾರೆ," ಅಂದಳು ನಾಗಶ್ರೀ. ಆಮೇಲೆ ಫೋನು ವಾಪಸ್ ಕೊಡುತ್ತಾ ಕೇಳಿದಳು. "ಅದಿರ್ಲಿ ಮಾವ, ನಿಮ್ಮ ಕುರಿ ಎಷ್ಟವೆ?"

"ಅವೆ ನಾಕಾರು," ಅಂದ ಅವನು.

ಅವಳು ನಕ್ಕಳು. ಯಾಕೆ ನಕ್ಕಳು ಅಂತ ಕಾಟಲಿಂಗಪ್ಪನಿಗೆ ಆಗ ಹೊಳೆಯಲಿಲ್ಲ. ಬ್ಯಾಟರಿ ಬದಲಾಯಿಸಲು ಬರದವಳು ಏನೇನೋ ಹೇಳುತ್ತಾಳೆ ಅಂದುಕೊಂಡು ಮಂದೆಯ ಕಡೆ ಹೋದ.

ಅದರ ಮುಂದಿನ ವಾರ ಮಂದೆ ರಘುನಾಥ್ ಅನ್ನುವವರ ಹೊಲದಲ್ಲಿತ್ತು. ಜುಂಜೇಶ್ ಔಷಧಿ ತರಲು ಹೋಗಿದ್ದ. ಹುಚ್ಚಕ್ಕ ಬುತ್ತಿ ತಂದು ಜಾಲಿಮರದ ನೆರಳಲ್ಲಿ ಕೂತಿದ್ದಳು. ಬಿಸಿಲು ಏರುವ ಹೊತ್ತಿಗೆ ಒಂದು ಲಗೇಜ್ ಆಟೋ ಹೊಲದ ಬದುವಿಗೇ ಬಂದು ನಿಂತಿತು. ಇಳಿದವನು ಬಿಳಿ ಅಂಗಿಯವನು, ಕೊರಳಲ್ಲಿ ಕಾರ್ಡು, ಕಾರ್ಡು ಮಾತ್ರ ಹಿಂದುಮುಂದಾಗಿತ್ತು.

"ಕಾಟಲಿಂಗಪ್ಪನೋರು ಅಲ್ವ? ಕುರಿ ರಕ್ಷಣೆ ಯೋಜನೆಯಿಂದ ಬಂದೀವ್ರಿ. ಮೊನ್ನೆ ತನ್ಕ ಕೆರೆ ಹಿಂದ್ಲ ಹೊಲ್ದಾಗಿದ್ರಿ. ನಿಮ್ಮ ಮಗ ಜುಂಜೇಶ್ ಆರಾಮವ್ರಾ?"

ಕಾಟಲಿಂಗಪ್ಪ ಉಬ್ಬಿಹೋದ. ಇಷ್ಟು ವರ್ಷದಲ್ಲಿ ಯಾವ ಕಚೇರಿಯವರೂ ಅವನನ್ನು ಹೆಸರು ಹಿಡಿದು ಕರೆದಿರಲಿಲ್ಲ. ತಾಲ್ಲೂಕು ಕಚೇರಿಗೆ ಹೋದರೆ ಇವನೇ ಮೂರು ಸಲ ಹೆಸರು ಹೇಳಬೇಕು. ಇಷ್ಟೆಲ್ಲ ಗೊತ್ತಿರುವವನು ಬೇರೆಯವನಾಗಲು ಹೇಗೆ ಸಾಧ್ಯ?

ಬಂದವನು ಹೇಳಿದ್ದಿಷ್ಟು. ಕುರಿಗಳಿಗೆ ಕಿವಿಯಲ್ಲಿ ಚಿಪ್ ಹಾಕಬೇಕು. ಮಾದರಿಗೆ ಎರಡು ಮರಿ, ಒಂದು ಟಗರು ಹೊಸದುರ್ಗಕ್ಕೆ ಬರಬೇಕು. ಸಂಜೆಗೆ ವಾಪಸ್ ತಂದು ಬಿಡುತ್ತಾರೆ. ಟಗರು ಅಂದರೆ ಆ ಕೆಂಚು ಬಣ್ಣದ್ದೇ ಆಗಬೇಕು, ಮುಂದೆ ನಡೆಯುವುದು ಅದೇ ಅಲ್ಲವೇ?

ಕಾಟಲಿಂಗಪ್ಪ ಎರಡು ಮರಿಗಳನ್ನು ತಾನೇ ಎತ್ತಿ ಆಟೋದೊಳಗೆ ಬಿಟ್ಟ. ಕೆಂಚ ಯಾರ ಹಿಂದೆಯೂ ಹೋಗುವ ಪ್ರಾಣಿಯಲ್ಲ, ಆದರೆ ಇವನು ಕರೆದರೆ ಬರುತ್ತದೆ. ಬಂತು. ಹಗ್ಗ ಹಿಡಿದು ಆಟೋದ ಹತ್ತಿರ ತಂದ.

"ಒಟ್ಟು ಮಂದೆ ಇಷ್ಟು, ಸರಿನಾ?" ಅಂದ ಬಿಳಿ ಅಂಗಿಯವನು. ಫೋನು ನೋಡಿಕೊಂಡು ಲೆಕ್ಕ ಹೇಳಿದ. ಗಟ್ಟಿಯಾಗಿ, ಬಯಲಲ್ಲಿ, ಕುರಿಗಳ ಎದುರಿಗೇ.

ಹುಚ್ಚಕ್ಕ ಎದ್ದು ಬಂದಳು. "ಏನಪ್ಪ, ನಿಂಗೆ ಲೆಕ್ಕ ಯಾರು ಹೇಳಿದ್ರು?"

"ನಿಮ್ಮೋರೇ ಹೇಳವ್ರೆ ಕಣಜ್ಜಿ."

"ನಮ್ಮೋರು ಯಾರೂ ಹೇಳಾಕಿಲ್ಲ."

"ಅಕ್ಕಾ, ಸುಮ್ಕಿರು," ಅಂದ ಕಾಟಲಿಂಗಪ್ಪ. "ಹೆಸ್ರು ಗೊತ್ತು, ಮಗ ಗೊತ್ತು, ಮಂದೆ ಗೊತ್ತು. ನಮ್ಮ ಕಡೆಯೋರೇ ಇವ್ರು."

"ನಮ್ಮ ಕಡೆಯೋನಾಗಿದ್ರೆ ಗೊತ್ತಿದ್ರೂ ಹೇಳ್ತಿರ್ಲಿಲ್ಲ," ಅಂದಳು ಹುಚ್ಚಕ್ಕ. ತಮ್ಮನ ಕೈಯಿಂದ ಹಗ್ಗ ಕಿತ್ತುಕೊಂಡು ತನ್ನ ಕೈಗೆ ಸುತ್ತಿಕೊಂಡಳು. "ದನಿನ ಆಸ್ಪತ್ರೆ ಡಾಕ್ಟ್ರಿಗೆ ಪೋನ್ ಹಚ್ಚು. ಅವ್ರು ಹೂಂ ಅಂದ್ರೆ ಕೊಡಾಣ."

ಡಾಕ್ಟರು ಮೀಟಿಂಗಿನಲ್ಲಿದ್ದಾರೆ ಅಂದ ಬಿಳಿ ಅಂಗಿಯವನು. ಅನ್ನುತ್ತಲೇ ಆಟೋ ಹತ್ತಿದ. ಆಟೋ ಆಗಲೇ ಸ್ಟಾರ್ಟ್ ಆಗಿತ್ತು. ಕಾಟಲಿಂಗಪ್ಪ ಬದುವಿನ ತನಕ ಓಡಿದ, ಅಲ್ಲಿಂದಾಚೆ ಧೂಳು ಮಾತ್ರ ಇತ್ತು. ಎರಡು ಮರಿಗಳು ಹೋದವು. ಅವುಗಳ ತಾಯಿಕುರಿಗಳು ಸಂಜೆಯ ತನಕ ಆ ಬದುವಿನ ಹತ್ತಿರವೇ ನಿಂತು ಕೂಗಿದವು. ಕೆಂಚ ಉಳಿಯಿತು. ಅದು ಉಳಿದದ್ದಕ್ಕೆ ಸಂತೋಷಪಡಲೂ ಅವನಿಗೆ ನಾಚಿಕೆಯಾಯಿತು. ತನ್ನ ಕೈಯಾರೆ ಆಟೋದ ಬಾಗಿಲಿಗೆ ತಂದು ನಿಲ್ಲಿಸಿದ್ದ. ಕರೆದ ತಕ್ಷಣ ಬಂದಿತ್ತಲ್ಲ ಅದು.

ಮಾರನೆಯ ದಿನ ಅಪ್ಪ ಮಗ ಇಬ್ಬರೂ ನಾಗಶ್ರೀಯ ಅಂಗಡಿಗೆ ಹೋದರು. ಅವಳು ಬುದ್ಧಿ ಹೇಳಲಿಲ್ಲ. ತನ್ನ ಫೋನಿನಲ್ಲಿ ಮಂದೆಮಿತ್ರ ಹಾಕಿಕೊಂಡು 'ಕೊಳ್ಳುವವರು' ಅನ್ನುವಲ್ಲಿ ಸಣ್ಣಪ್ಪ, ವ್ಯಾಪಾರಿ ಅಂತ ಬರೆದಳು. ಅಂಥ ಸಣ್ಣಪ್ಪ ಇದ್ದಾನೋ ಇಲ್ಲವೋ ಅಂತ ಆಪ್ ಕೇಳಲಿಲ್ಲ. ನಕ್ಷೆ ತೆರೆದುಕೊಂಡಿತು. ಹೊಸದುರ್ಗ, ಹಿರಿಯೂರು, ಹೊಳಲ್ಕೆರೆ, ತುರುವನೂರಿನ ತನಕ ಅಲ್ಲಲ್ಲಿ ಹಸಿರು ಚುಕ್ಕೆಗಳು. ಬಾಗೂರಿನ ಹತ್ತಿರದ ಚುಕ್ಕೆ ಮುಟ್ಟಿದಳು. ಕಾಟಲಿಂಗಪ್ಪನ ಹೆಸರು, ಜುಂಜೇಶನ ಹೆಸರು, ನಂಬರು. ಹಿಂದಿನ ವಾರ ಎಲ್ಲೆಲ್ಲಿ ಮಂದೆ ಇತ್ತು ಅನ್ನುವ ಗೆರೆ. ಕೆಂಚನ ಫೋಟೋ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಕುರಿಗಳ ಲೆಕ್ಕ.

ಕಾಟಲಿಂಗಪ್ಪ ಹೆಗಲ ಮೇಲಿನ ಟವೆಲು ತೆಗೆದು ಆ ಫೋನಿನ ಮೇಲೆ ಮುಚ್ಚಿದ.

"ಮುಚ್ಚಿದ್ರೆ ಹೋಗಾಕಿಲ್ಲ ಮಾವ," ಅಂದಳು ನಾಗಶ್ರೀ ಮೆತ್ತಗೆ.

"ಇದು ಯಾರ್ಯಾರಿಗೆ ಕಾಣ್ತೈತೆ?"

"ನೋಡ್ಬೇಕು ಅನ್ನೋರಿಗೆಲ್ಲ ಕಾಣ್ತೈತೆ."

"ನಾನು ಇದ್ಕೆ ಒಪ್ಪಿದ್ನಾ?"

"ಒಪ್ಪಿದೆ ಅಂತ ಒತ್ತಿದ್ರಲ್ಲ."

ಜುಂಜೇಶ್ ತಲೆ ತಗ್ಗಿಸಿದ. ಒತ್ತಿದ್ದು ಅವನು. ಅದರ ಮೇಲೆ ಇಂಗ್ಲಿಷಿನಲ್ಲಿ ಇದ್ದ ಉದ್ದನೆಯ ಬರಹವನ್ನು ಓದಿರಲಿಲ್ಲ. ಓದಿದ್ದರೂ ತಿಳಿಯುತ್ತಿರಲಿಲ್ಲ. ತಿಳಿಯಲಿ ಅಂತ ಬರೆದದ್ದೂ ಅದಲ್ಲ.

"ಬರೇ ಆಪ್ ತೆಗ್ದು ಹಾಕಿದ್ರೆ ನಿಮ್ಮ ಫೋನಿಂದ ಹೋಗ್ತೈತೆ, ಅವ್ರ ಹತ್ರ ಹಂಗೇ ಇರ್ತೈತೆ," ಅಂದಳು ನಾಗಶ್ರೀ. "ಮೊದ್ಲು ಖಾತೆ ಅಳಿಸ್ಬೇಕು."

ಖಾತೆ ತೆರೆಯಲು ಒಂದು ಗುಂಡಿ ಸಾಕಾಗಿತ್ತು. ಅಳಿಸುವ ಗುಂಡಿ ಹುಡುಕಲು ಒಂದು ಟೀ ಕುಡಿಯುವಷ್ಟು ಹೊತ್ತು ಹಿಡಿಯಿತು. ಒತ್ತಿದರೆ ಸಹಾಯವಾಣಿಗೆ ಫೋನ್ ಮಾಡಿ ಅಂತು. ಮಾಡಿದರು. ನಿಮ್ಮ ಕರೆ ನಮಗೆ ಬಹಳ ಮುಖ್ಯ ಅಂತ ಒಂದು ಹೆಣ್ಣುದನಿ ಹೇಳಿ ಸಂಗೀತ ಹಾಕಿತು. ಸಂಗೀತ ಮುಗಿದ ಮೇಲೆ ಇನ್ನೊಮ್ಮೆ ಬಹಳ ಮುಖ್ಯ ಅಂದಿತು. ಅಷ್ಟು ಮುಖ್ಯವಾಗಿದ್ದರೆ ಎತ್ತಬಾರದೇ ಅಂದ ಕಾಟಲಿಂಗಪ್ಪ. ಬರಹದಲ್ಲಿ ಕೇಳಿ ನೋಡೋಣ ಅಂತ ಜುಂಜೇಶ್ 'ನಮ್ಮ ಖಾತೆ ಅಳಿಸಿ' ಅಂತ ಬರೆದ. ಅತ್ತಲಿಂದ ಮರುಕ್ಷಣವೇ ಉತ್ತರ ಬಂತು, ಜಂತುಹುಳುವಿನ ಔಷಧಿಯ ಬಗ್ಗೆ.

ನಾಗಶ್ರೀ ಬಿಡಲಿಲ್ಲ. ಕಂಪನಿಯ ದೂರು ಅಧಿಕಾರಿಯ ವಿಳಾಸ ಹುಡುಕಿ ಇಮೇಲ್ ಬರೆದಳು, ಪ್ರತಿ ಇಟ್ಟುಕೊಂಡಳು. ಆ ಪ್ರತಿ ಹಿಡಿದು ಅಪ್ಪ ಮಗ ಪೊಲೀಸ್ ಠಾಣೆಗೆ ಹೋಗಿ ಮರಿಗಳ ದೂರು ಕೊಟ್ಟರು, ದೂರು ಕೊಟ್ಟದ್ದಕ್ಕೆ ರಸೀದಿ ಕೇಳಿ ಪಡೆದರು. ಕೆಲವು ವಾರಗಳ ಮೇಲೆ ಬಾಗೂರಿನ ಹಸಿರು ಚುಕ್ಕೆ ಮಾಯವಾಯಿತು. ಮರಿಗಳು ಸಿಗಲಿಲ್ಲ. ಉಣ್ಣೆ ಮಿಷನ್ನಿನವನು ಈಗಲೂ ಫೋನ್ ಮಾಡುತ್ತಾನೆ.

ಹಟ್ಟಿಯಲ್ಲಿ ನೇತ್ರಾವತಿ ಅನ್ನುವವಳು ನಡೆಸುವ ಮಹಿಳಾ ಸಂಘದ ಸಭೆ ಇದ್ದ ದಿನ ಕಾಟಲಿಂಗಪ್ಪನೇ ನಾಗಶ್ರೀಯನ್ನು ಕರೆದುಕೊಂಡು ಬಂದ. ಗಂಡಸರು ಆ ಸಭೆಗೆ ಬರುವ ಪದ್ಧತಿಯಿಲ್ಲ. ಅವನು ಬಾಗಿಲ ಹತ್ತಿರ ಕೂತು ಹೇಳಿದ.

"ಹೆಣ್ಣು ಕೊಡೋ ಮಾವ ಕೇಳಿದ್ರೂ ಹೇಳ್ದೆ ಇದ್ದೋನು ನಾನು. ಈ ಪೋನು ಕೇಳಿದ್ರೆ ಹೇಳ್ಬಿಟ್ಟೆ. ಅದು ಕಲ್ಲು ಅಂತ ತಿಳ್ಕಂಡಿದ್ದೆ. ಅದ್ರ ಹಿಂದೆ ಜನ ಅವ್ರೆ."

ಒಬ್ಬೊಬ್ಬರೇ ಫೋನು ತೆಗೆದು ಕೊಟ್ಟರು. ನೇತ್ರಾವತಿಯ ಫೋನಿನಲ್ಲಿ ಟಾರ್ಚ್ ಬಿಡುವ ಆಪು ಅವಳ ಬಂಧುಬಳಗದ ನಂಬರುಗಳನ್ನೆಲ್ಲ ನೋಡುತ್ತಿತ್ತು. ದೀಪ ಹಚ್ಚಲು ತವರುಮನೆಯ ನಂಬರು ಯಾಕೆ ಅಂತ ಅವಳು ಕೇಳಿದಳು. ನಾಗಶ್ರೀ ಆ ಅನುಮತಿ ತೆಗೆದುಹಾಕಿದಳು. ದೀಪ ಮೊದಲಿನ ಹಾಗೇ ಹೊತ್ತಿತು.

ಯುಗಾದಿ ಕಳೆದ ಮೇಲೆ ಕುರಿಗಳಿಗೆ ಲಸಿಕೆ ಹಾಕಲು ಸರ್ಕಾರದ ಕಡೆಯಿಂದ ಕನಕರಾಜ್ ಬಂದರು. ಕೈಯಲ್ಲಿ ಟ್ಯಾಬು. ಕಾಟಲಿಂಗಪ್ಪ ಮೊದಲು ಅವರ ಕಾರ್ಡು ತಿರುಗಿಸಿ ನೋಡಿದ. ಆಮೇಲೆ ಪಶು ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಿದ. ಕನಕರಾಜ್ ನೆರಳಲ್ಲಿ ಕಾದರು, ಆಮೇಲೆ ಕುರಿ ಎಷ್ಟು ಅಂತ ಕೇಳಿದರು.

"ಲೆಕ್ಕ ಯಾಕೆ ಬೇಕು ಸಾರ್?"

"ಎಷ್ಟು ಡೋಸ್ ಬೇಕು ಅಂತ ಗೊತ್ತಾಗ್ಬೇಕಲ್ಲಪ್ಪ."

ಅದು ಸರಿಯಾದ ಉತ್ತರ. ಕಾಟಲಿಂಗಪ್ಪ ಹತ್ತಿರ ಹೋಗಿ ಲೆಕ್ಕವನ್ನು ಅವರ ಕಿವಿಯಲ್ಲಿ ಹೇಳಿದ. ಹುಚ್ಚಕ್ಕ ಆ ಕಡೆ ಮುಖ ಮಾಡಿ ನಿಂತಳು.

"ಈಗ ನಿಮ್ಮ ಮುಖದ್ದೊಂದು ಫೋಟೋ, ಮನೆಯೋರೆಲ್ಲರ ನಂಬರು," ಅಂದರು ಕನಕರಾಜ್.

"ಚುಚ್ಚಾದು ಕುರಿಗಲ್ವ ಸಾರ್? ನನ್ನ ಮುಖ ಯಾಕೆ? ನಂಬ್ರು ಮಗಂದು ಒಂದು ಸಾಕಲ್ವ?"

ಕನಕರಾಜ್ ಟ್ಯಾಬು ನೋಡಿದರು, ಇವನನ್ನು ನೋಡಿದರು. ಇಷ್ಟು ಹಟ್ಟಿ ತಿರುಗಿದ್ದರಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಎರಡು ಜಾಗ ಖಾಲಿ ಬಿಟ್ಟು ಒತ್ತಿ ನೋಡಿದರು. ಟ್ಯಾಬು ಏನೂ ಅನ್ನದೆ ಮುಂದಕ್ಕೆ ಹೋಯಿತು.

"ಖಾಲಿ ಬಿಟ್ರೂ ಆಗ್ತೈತೆ ಅಂತ ನಂಗೂ ಗೊತ್ತಿರ್ಲಿಲ್ಲ," ಅಂದರು ಅವರು.

ಲಸಿಕೆ ಎಲ್ಲ ಕುರಿಗೂ ಬಿತ್ತು. ಕೆಂಚನಿಗೆ ಹಾಕುವಾಗ ಕಾಟಲಿಂಗಪ್ಪನೇ ತಲೆ ಹಿಡಿದುಕೊಂಡ.

ಅಕ್ಕಂದಿರೇ, ಅಣ್ಣಂದಿರೇ, ನೀವೂ ಇವತ್ತೇ ನಿಮ್ಮ ಫೋನು ತೆಗೆದು ನೋಡಿ. ಸೆಟ್ಟಿಂಗ್ಸ್‌ನಲ್ಲಿ ಆಪ್‌ಗಳ ಅನುಮತಿ ಅಂತ ಇರುತ್ತದೆ. ನೀವಿರುವ ಜಾಗ, ಫೋಟೋ, ನಂಬರುಗಳನ್ನು ಯಾವ ಯಾವ ಆಪು ನೋಡುತ್ತಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಅದರ ಕೆಲಸಕ್ಕೆ ಬೇಕಿಲ್ಲದ್ದನ್ನು ತೆಗೆದುಹಾಕಿ. ತಿಳಿಯದಿದ್ದರೆ ತಿಳಿದವರಿಂದ ಮಾಡಿಸಿ. ನಿಮ್ಮ ಬಗ್ಗೆ ಬಹಳ ಗೊತ್ತಿರುವವನು ಬಂದರೆ ನಂಬಿಕೆ ಹೆಚ್ಚಿಸಿಕೊಳ್ಳಬೇಡಿ, ಅನುಮಾನ ಹೆಚ್ಚಿಸಿಕೊಳ್ಳಿ. ಮೋಸದಿಂದ ಬ್ಯಾಂಕ್ ಖಾತೆಯ ಹಣ ಹೋದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕಂಪನಿಯಾಗಲಿ, ಕಚೇರಿಯಾಗಲಿ, ಕೇಳಿದರೆ ಯಾಕೆ ಅಂತ ನೀವೂ ಕೇಳಿ. ಅದು ಜಗಳವಲ್ಲ, ನಿಮ್ಮ ಹಕ್ಕು.

ಮತ್ತೆ, ಕಾಟಲಿಂಗಪ್ಪನ ಕುರಿ ಎಷ್ಟು ಅಂತ ಈ ಕಥೆಯಲ್ಲಿ ಎಲ್ಲೂ ಬರೆದಿಲ್ಲ, ಗಮನಿಸಿದಿರಾ? ಅವನು ನಮಗೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅದು ಗೊತ್ತಿಲ್ಲದೆಯೇ ನಿಮಗೆ ಇಡೀ ಕಥೆ ತಿಳಿಯಿತು. ಮಳೆ ಬರುತ್ತದೆ ಅಂತ ಹೇಳುವವರಿಗೂ ಅದು ಗೊತ್ತಿರಬೇಕಾಗಿಲ್ಲ.